ದಣಿವು ಆರಬೇಕೋ, ಶಕ್ತಿ ತುಂಬಬೇಕೋ?

ಪ್ರಶ್ನೆ: ವ್ಯಾಯಾಮದ ಆ್ಯಪ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಸುತ್ತು ಮುಗಿದ ಮೇಲೆ ಬರುವ ಸೂಚನೆಗೆ ‘ನಿಮ್ಮ ಶಕ್ತಿಯನ್ನು ಪುನಃಸ್ಥಾಪಿಸಿಕೊಳ್ಳಿ’ ಎಂದು ಬರೆದೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಯಾರೂ ಹೀಗೆ ಮಾತನಾಡುವುದಿಲ್ಲ. ಏನು ಬರೆಯಲಿ?

ಉತ್ತರ: ‘ದಣಿವಾರಿಸಿಕೊಳ್ಳಿ’ ಎಂದು ಬರೆಯಿರಿ. ಇನ್ನೂ ಸಲಿಗೆಯ ಧಾಟಿ ಬೇಕಿದ್ದರೆ ‘ಸ್ವಲ್ಪ ಸುಧಾರಿಸಿಕೊಳ್ಳಿ’.

‘ಸ್ಥಾಪಿಸು’ ಎಂಬುದು ಪ್ರತಿಮೆಗೆ, ಸಂಸ್ಥೆಗೆ, ಸಂಪರ್ಕಕ್ಕೆ ಒಪ್ಪುವ ಮಾತು. ಶಕ್ತಿಯ ಜೊತೆ ಹಾಕಿದರೆ ಹೋಗಿದ್ದ ಕರೆಂಟು ವಾಪಸು ಬಂದ ಹಾಗೆ ಕೇಳಿಸುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಇಂಥ ಕಡೆ ಕನ್ನಡ ಸಾಮಾನ್ಯವಾಗಿ ಶಕ್ತಿಯ ಮಾತನ್ನೇ ಎತ್ತುವುದಿಲ್ಲ, ದಣಿವಿನ ಮಾತೆತ್ತುತ್ತದೆ. ದಣಿವು ಆರುತ್ತದೆ, ಆಯಾಸ ಕಳೆಯುತ್ತದೆ, ಸುಸ್ತು ಇಳಿಯುತ್ತದೆ, ಬಳಲಿಕೆ ನೀಗುತ್ತದೆ. ಮೈಗೆ ಬಂದದ್ದು ಮೈಬಿಟ್ಟು ಹೋದರೆ ಸಾಕು.

‘ಆರು’ ಎಂಬ ಪುಟ್ಟ ಕ್ರಿಯಾಪದವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕಾದ ಹಾಲು ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಹುಣ್ಣು ಆರುತ್ತದೆ, ದೀಪ ಆರುತ್ತದೆ. ಕಾವೋ ತೇವವೋ ಉರಿಯೋ, ಏರಿದ್ದು ತಾನಾಗಿ ಇಳಿಯುವುದೇ ಆರುವುದು. ದಣಿವನ್ನೂ ಕನ್ನಡ ಅದೇ ಸಾಲಿನಲ್ಲಿ ಕೂರಿಸಿದೆ. ಬಾಯಾರಿಕೆಯಲ್ಲಿರುವುದೂ ಇದೇ ‘ಆರು’. ಅಲ್ಲಿ ಒಣಗುವುದು ಬಾಯಿ.

ಕೊನೆಯ ‘ಕೊಳ್ಳು’ ಬಿಡಬೇಡಿ. ತನ್ನ ದಣಿವನ್ನು ತಾನೇ ಕಳೆಯುವುದಾದರೆ ‘ದಣಿವಾರಿಸಿಕೊಳ್ಳು’. ‘ದಣಿವಾರಿಸು’ ಎಂದಷ್ಟೇ ಬರೆದರೆ ಬೇರೆಯವರ ದಣಿವನ್ನು ಕಳೆದಂತೆ: ‘ಮರದ ನೆರಳು ದಾರಿಹೋಕರ ದಣಿವಾರಿಸಿತು.’

ಶಕ್ತಿಯ ಕಡೆಯಿಂದಲೇ ಹೇಳಬೇಕಾದ ಸಂದರ್ಭವೂ ಬರುತ್ತದೆ. ಊಟದ, ನಿದ್ರೆಯ ಫಲವನ್ನು ವಿವರಿಸುವಾಗ, ಉದಾಹರಣೆಗೆ. ಆಗ ಎಲ್ಲ ಕಡೆ ‘ಶಕ್ತಿ’ ಎಂದೇ ತುಂಬಬೇಡಿ. ‘ತ್ರಾಣ’ ಎಂದರೆ ಏಳಲು, ನಿಲ್ಲಲು ಬೇಕಾದ ಕನಿಷ್ಠ ಬಲ. ಅದು ಹೆಚ್ಚಾಗಿ ಇಲ್ಲ ಎನ್ನುವಾಗಲೇ ಬಾಯಿಗೆ ಬರುವ ಪದ: ‘ಎದ್ದು ಕೂರುವುದಕ್ಕೂ ತ್ರಾಣವಿಲ್ಲ.’ (ಸಂಸ್ಕೃತದಲ್ಲಿ ತ್ರಾಣ ಎಂದರೆ ರಕ್ಷಣೆ. ಶಿರಸ್ತ್ರಾಣದಲ್ಲಿ ಆ ಅರ್ಥ ಹಾಗೇ ಉಳಿದಿದೆ.) ‘ಕಸುವು’ ಒಳಗಿನ ಸತ್ವ. ತೋಳಿಗೂ ಇದೆ, ಮಣ್ಣಿಗೂ ಇದೆ, ನಿಧಾನವಾಗಿ ಕೂಡುತ್ತದೆ. ಆದ್ದರಿಂದ ‘ಎರಡು ನಿಮಿಷದಲ್ಲಿ ಕಸುವು ಪಡೆಯಿರಿ’ ಎಂಬುದು ಒಪ್ಪದು. ‘ಹುರುಪು’ ಮನಸ್ಸಿನದು, ಎರಡು ನಿಮಿಷದಲ್ಲಿ ಬಂದೀತು. ‘ಲವಲವಿಕೆ’ ನೋಡುವವರ ಕಣ್ಣಿಗೆ ಕಾಣುವ ಗುಣ.

ಪ್ರಶ್ನೆ: ಸುಧಾರಿಸಿಕೊಳ್ಳು, ಸಾವರಿಸಿಕೊಳ್ಳು, ಚೇತರಿಸಿಕೊಳ್ಳು. ಇವನ್ನು ಒಂದರ ಬದಲು ಇನ್ನೊಂದು ಬಳಸಬಹುದೇ?

ಉತ್ತರ: ಬಳಸಿದರೆ ವಾಕ್ಯದ ಅಳತೆ ಕೆಡುತ್ತದೆ. ಎಷ್ಟು ಹೊತ್ತಿನ ಮಾತು ಎಂದು ನೋಡಿದರೆ ಆಯ್ಕೆ ಸುಲಭ.

ಸಾವರಿಸಿಕೊಳ್ಳುವುದು ಕ್ಷಣದ ಕೆಲಸ. ಎಡವಿದವರು ಸಾವರಿಸಿಕೊಳ್ಳುತ್ತಾರೆ, ಮಾತಿನ ನಡುವೆ ಗಂಟಲು ಕಟ್ಟಿದವರು ಸಾವರಿಸಿಕೊಂಡು ಮುಂದುವರಿಯುತ್ತಾರೆ. ಇಲ್ಲಿ ಮರಳಿ ಬರುವುದು ಬಲವಲ್ಲ, ಹಿಡಿತ. ಸುಧಾರಿಸಿಕೊಳ್ಳಲು ಕೆಲವು ನಿಮಿಷ ಬೇಕು: ಮೆಟ್ಟಿಲು ಹತ್ತಿ ಏದುಸಿರು ಬಿಡುವವರಿಗೆ ‘ಕೂತು ಸುಧಾರಿಸಿಕೊಳ್ಳಿ’ ಎನ್ನುತ್ತೇವೆ. ಚೇತರಿಸಿಕೊಳ್ಳುವುದಕ್ಕೆ ದಿನಗಳು, ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಅದು ಕಾಯಿಲೆ, ಶಸ್ತ್ರಚಿಕಿತ್ಸೆ, ನಷ್ಟ, ಆಘಾತಗಳ ಬೆನ್ನಿಗೆ ಬರುವ ಪದ. ಯಾವುದರಿಂದ ಎಂಬುದಕ್ಕೆ ‘ಇಂದ’ ಪ್ರತ್ಯಯ ಹತ್ತಬೇಕು: ‘ಜ್ವರದಿಂದ ಚೇತರಿಸಿಕೊಂಡರು’. ಮಾರುಕಟ್ಟೆಯೂ ಚೇತರಿಸಿಕೊಳ್ಳುತ್ತದೆ, ಬಾಡಿದ ಗಿಡವೂ ಚೇತರಿಸಿಕೊಳ್ಳುತ್ತದೆ. ಆದರೆ ‘ವೈದ್ಯರು ರೋಗಿಯನ್ನು ಚೇತರಿಸಿದರು’ ಎನ್ನಲಾಗದು. ‘ಚೇತರಿಸಿಕೊಳ್ಳುವಂತೆ ಮಾಡಿದರು’ ಎನ್ನಬೇಕು. ಇನ್ನೊಂದು ಎಚ್ಚರ: ಚೇತರಿಕೆ ದಾರಿ, ಗುಣಮುಖರಾಗುವುದು ಅದರ ಕೊನೆ ಎಂಬಂತೆ ಇಂದಿನ ಬಳಕೆ ನಿಂತಿದೆ. ‘ಗುಣಮುಖರಾದರು, ಈಗ ಚೇತರಿಸಿಕೊಳ್ಳುತ್ತಿದ್ದಾರೆ’ ಎಂದು ಬರೆದರೆ ಓದುಗರು ತಬ್ಬಿಬ್ಬಾಗುತ್ತಾರೆ.

‘ಸುಧಾರಿಸು’ವಿನಲ್ಲಿ ‘ಕೊಳ್ಳು’ ಅರ್ಥವನ್ನೇ ತಿರುಗಿಸಿಬಿಡುತ್ತದೆ. ‘ಆರೋಗ್ಯ ಸುಧಾರಿಸಿತು’ ಎಂದರೆ ಉತ್ತಮವಾಯಿತು. ‘ಅವರು ಸುಧಾರಿಸಿಕೊಂಡರು’ ಎಂದರೆ ದಣಿವು ಕಳೆದುಕೊಂಡರು. ‘ಇರುವುದರಲ್ಲೇ ಸುಧಾರಿಸಿಕೊಂಡು ಹೋಗಿ’ ಎಂದರೆ ಹೊಂದಿಸಿಕೊಳ್ಳಿ ಎಂದು. ಮೂರನ್ನೂ ಸಂದರ್ಭವೇ ಬೇರ್ಪಡಿಸಬೇಕು. ಆದ್ದರಿಂದ ಚಿಕ್ಕ ಸೂಚನೆಗಳಲ್ಲಿ ‘ಸ್ವಲ್ಪ ಹೊತ್ತು’ ಎಂದು ಮೊದಲು ಸೇರಿಸುವುದು ಒಳ್ಳೆಯದು.

ಪ್ರಶ್ನೆ: ಪುನಶ್ಚೇತನ, ಪುನರ್ಚೇತನ, ಪುನಃಶ್ಚೇತನ. ಯಾವುದು ಸರಿ? ಪುನರುಜ್ಜೀವನಕ್ಕೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಪುನಶ್ಚೇತನ ಸರಿ. ವಿಸರ್ಗದ ಮುಂದೆ ‘ಚ’ ಬಂದರೆ ವಿಸರ್ಗವೇ ‘ಶ್’ ಆಗುತ್ತದೆ. ಹಾಗಾಗಿ ‘ಪುನಃಶ್ಚೇತನ’ದಲ್ಲಿ ಒಂದೇ ಧ್ವನಿಯನ್ನು ಎರಡು ಸಲ ಬರೆದಂತಾಯಿತು. ಸ್ವರ ಬಂದರೆ, ಅಥವಾ ಜ, ವ ಮೊದಲಾದ ಘೋಷ ವ್ಯಂಜನ ಬಂದರೆ ‘ರ್’ ಕಾಣಿಸಿಕೊಳ್ಳುತ್ತದೆ: ಪುನರಾರಂಭ, ಪುನರ್ಜನ್ಮ, ಪುನರ್ವಸತಿ. ‘ಪುನರ್ಚೇತನ’ ಈ ಗುಂಪಿನ ಸಾಮ್ಯದಿಂದ ಹುಟ್ಟಿದ ತಪ್ಪು. ‘ಪುನರುಜ್ಜೀವನ’ದಲ್ಲಿ ಜಕಾರಕ್ಕೆ ಒತ್ತು ಬೇಕೇ ಬೇಕು, ಏಕೆಂದರೆ ಅಲ್ಲಿರುವುದು ಉತ್ + ಜೀವನ.

ಅರ್ಥದಲ್ಲಿ: ಕುಂದಿದ್ದಕ್ಕೆ ಪುನಶ್ಚೇತನ, ಬಹುತೇಕ ಅಳಿದದ್ದಕ್ಕೆ ಪುನರುಜ್ಜೀವನ. ಶಿಕ್ಷಕರಿಗೆ ನಡೆಯುವುದು ಪುನಶ್ಚೇತನ ಶಿಬಿರ. ಮರೆತುಹೋದ ಕಲೆಗೆ ಬೇಕಾದದ್ದು ಪುನರುಜ್ಜೀವನ. ಎರಡರ ಹಿಂದೆಯೂ ‘ಮತ್ತೆ’ ಹಾಕುವುದು ಬೇಡ, ‘ಪುನಃ’ ಒಳಗೇ ಇದೆ. ಭಾನುವಾರ ನಿದ್ದೆ ಮಾಡಿ ಎದ್ದವರಿಗೆ ಈ ಎರಡೂ ಪದ ಭಾರವಾಗುತ್ತವೆ.

ಪ್ರಶ್ನೆ: ‘ರೀಚಾರ್ಜ್ ಆದೆ’ ಎಂದು ಬರೆಯಬಹುದೇ?

ಉತ್ತರ: ಸಂಭಾಷಣೆಯಲ್ಲಿ ಧಾರಾಳವಾಗಿ. ಜನ ಹಾಗೇ ಆಡುತ್ತಾರೆ. ಗಂಭೀರ ಬರಹದಲ್ಲಾದರೆ ‘ಹೋದ ಜೀವ ಬಂದಂತಾಯಿತು’ ಎಂಬ ನಮ್ಮ ನುಡಿಗಟ್ಟು ಎಷ್ಟೋ ಬಲವಾದದ್ದು.

ಪ್ರಶ್ನೆ: ‘ಮನದಣಿಯೆ ಕುಣಿದರು’ ಎನ್ನುತ್ತೇವಲ್ಲ, ಕುಣಿದು ಮನಸ್ಸಿಗೆ ದಣಿವಾಯಿತು ಎಂದೇ?

ಉತ್ತರ: ಅಲ್ಲ, ತೃಪ್ತಿಯಾಗುವಷ್ಟು ಕುಣಿದರು ಎಂದು. ಅಲ್ಲಿರುವುದು ಮನ + ತಣಿಯೆ. ಆದೇಶ ಸಂಧಿಯಲ್ಲಿ ‘ತ’ ‘ದ’ ಆಗಿದೆ. ‘ಕಣ್ದಣಿಯೆ ನೋಡು’ ಎಂಬುದೂ ಹಾಗೆಯೇ. ಈ ಬದಲಾವಣೆ ಸಮಾಸದೊಳಗಿನದು. ಬಿಡಿಯಾಗಿ ಬರೆಯುವಾಗ ಬಾಯಾರಿಕೆಯನ್ನು ‘ತಣಿಸುವ’ ಪಾನೀಯ ಎಂದೇ ಇರಲಿ. ‘ದಣಿಸುವ’ ಎಂದು ಅಚ್ಚಾದರೆ ಕುಡಿದವರು ಇನ್ನಷ್ಟು ಸುಸ್ತಾಗುತ್ತಾರೆ ಎಂದು ಅರ್ಥವಾಗುತ್ತದೆ.