ನವಿಲನ್ನು ತೆಗೆದರೆ ಗುಬ್ಬಿಯೂ ಹೋಯಿತು

ಪ್ರಶ್ನೆ: ನಾನು ಪ್ರೌಢಶಾಲೆಯ ಕನ್ನಡ ಮೇಷ್ಟ್ರು. ಹಳೆಯ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿಸಿಕೊಂಡಿದ್ದೇನೆ. ಟರ್ಮಿನಲ್‌ನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ’ ಅಂತ ಕೊಟ್ಟು ಕನ್ನಡ ಫಾಂಟ್‌ಗಳನ್ನು ಹಾಕಿಕೊಂಡೆ. ಆಮೇಲೆ ಬ್ರೌಸರ್‌ನಲ್ಲಿ ಕನ್ನಡವೆಲ್ಲ ಕೈಬರಹದ ಹಾಗೆ ಕಾಣತೊಡಗಿತು. ಅದು ನವಿಲು ಫಾಂಟ್ ಅಂತ ತಿಳಿದು ಅದನ್ನು ‘ರಿಮೂವ್’ ಮಾಡಿದೆ. ಗುಬ್ಬಿ ಫಾಂಟ್ ಇನ್ನು ಬೇಕಿಲ್ಲ, ‘ಆಟೋರಿಮೂವ್’ ಕೊಡಿ ಅಂತ ಬಂತು. ಕೊಟ್ಟೆ. ಪ್ರಶ್ನೆಪತ್ರಿಕೆಗೆ ನಾನು ದಿನಾ ಬಳಸುವ ಗುಬ್ಬಿಯೇ ಹೋಯಿತು! ಹೀಗೇಕಾಯಿತು?
– ಓದುಗರೊಬ್ಬರು, ಸಾಗರ

ಉತ್ತರ: ಮೇಷ್ಟ್ರೇ, ಗಾಬರಿ ಬೇಡ. ಮೊದಲು ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ’ ಅಂತ ಕೊಡಿ. ಗುಬ್ಬಿ ವಾಪಸ್ ಬರುತ್ತದೆ. ನೀವು ಮಾಡಿದ ಪ್ರಶ್ನೆಪತ್ರಿಕೆಗಳಿಗೆ ಏನೂ ಆಗಿರುವುದಿಲ್ಲ.

ಈಗ ಕಾರಣ ಹೇಳುತ್ತೇನೆ. ಫಾಂಟ್ಸ್-ಕೆಎನ್‌ಡಿಎ ಅನ್ನುವುದರೊಳಗೆ ಫಾಂಟೇ ಇಲ್ಲ. ಡೆಬಿಯನ್‌ನಲ್ಲಿ ಪ್ರೋಗ್ರಾಂ, ಫಾಂಟ್‌ಗಳೆಲ್ಲ ಪ್ಯಾಕೇಜ್ ಅನ್ನುವ ಕಟ್ಟುಗಳಾಗಿ ಬರುತ್ತವೆ; ಬೇರೆ ಕಟ್ಟುಗಳ ಹೆಸರಷ್ಟೇ ಇರುವ ಇಂಥದ್ದನ್ನು ಮೆಟಾಪ್ಯಾಕೇಜ್ ಅನ್ನುತ್ತಾರೆ. ಒಂದು ಸಾಮಾನಿನ ಚೀಟಿ ಅಂದುಕೊಳ್ಳಿ. ‘ನಾನು ಇರಬೇಕಾದರೆ ಗುಬ್ಬಿ, ನವಿಲು ಎರಡೂ ಇರಬೇಕು’ ಅಂತ ಅದರಲ್ಲಿ ಬರೆದಿರುತ್ತದೆ. ನೀವು ಕೇಳಿದ್ದು ಚೀಟಿಯನ್ನು. ಗುಬ್ಬಿ, ನವಿಲುಗಳನ್ನು ಆಪ್ಟ್ (ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಪ್ರೋಗ್ರಾಂ) ತಾನೇ ತಂದಿತು. ‘ಇವು ನಾನಾಗಿ ತಂದವು’ ಅಂತ ಗುರುತೂ ಹಾಕಿಕೊಂಡಿತು. ನವಿಲನ್ನು ತೆಗೆದಾಗ ಚೀಟಿಯ ಮಾತು ಮುರಿಯಿತು, ಹಾಗಾಗಿ ಚೀಟಿಯೂ ಹೋಯಿತು. ಚೀಟಿ ಹೋದಮೇಲೆ ಗುಬ್ಬಿಯನ್ನು ಕೇಳುವವರು ಯಾರೂ ಉಳಿಯಲಿಲ್ಲ. ಆಪ್ಟ್ ತಾನಾಗಿ ತಂದು, ಈಗ ಯಾರೂ ಕೇಳದವನ್ನು ತೆಗೆಯುವುದೇ ಆಟೋರಿಮೂವ್ ಕೆಲಸ. ನೀವು ಅದನ್ನು ದಿನಾ ಬಳಸುತ್ತೀರಿ ಅನ್ನುವುದು ಆಪ್ಟ್‌ಗೆ ಗೊತ್ತಾಗುವುದಿಲ್ಲ, ಅಲ್ವಾ?

ಈ ಸಲ ನೀವು ಗುಬ್ಬಿಯನ್ನು ಹೆಸರು ಹಿಡಿದು ಹಾಕಿಕೊಂಡಿರುವುದರಿಂದ ‘ಬಳಕೆದಾರರೇ ಕೇಳಿದ್ದು’ ಅಂತ ಗುರುತಾಗುತ್ತದೆ. ಇನ್ನು ಆಟೋರಿಮೂವ್ ಅದನ್ನು ಮುಟ್ಟುವುದಿಲ್ಲ. ಮೊದಲೇ ಇರುವ ಪ್ಯಾಕೇಜನ್ನು ಹೀಗೆ ಉಳಿಸಿಕೊಳ್ಳಬೇಕಾದರೆ ‘ಸುಡೊ ಆಪ್ಟ್-ಮಾರ್ಕ್ ಮ್ಯಾನುಯಲ್’ ಅಂದು ಅದರ ಹೆಸರು ಕೊಟ್ಟರೆ ಸಾಕು.

ನೀವು ‘ರಿಮೂವ್’ ಕೊಟ್ಟಾಗಲೇ ಪರದೆಯ ಮೇಲೆ ‘ತೆಗೆಯಲಾಗುವ ಪ್ಯಾಕೇಜುಗಳು’ ಅಂತ ಪಟ್ಟಿ ಬಂದಿರುತ್ತದೆ. ನೀವು ಹೇಳಿದ್ದು ಒಂದು ಹೆಸರು, ಅಲ್ಲಿ ಇದ್ದದ್ದು ಎರಡು. ‘ಮುಂದುವರಿಸಲೇ?’ ಅಂತ ಕೇಳಿದಾಗ ಸುಮ್ನೆ ಎಂಟರ್ ಒತ್ತಿದರೂ ‘ಹೌದು’ ಅಂತಲೇ ಲೆಕ್ಕ. ದಯವಿಟ್ಟು ಆ ಪಟ್ಟಿಯನ್ನು ಓದದೆ ಎಂಟರ್ ಒತ್ತಬೇಡಿ. ನಾನು ಒಮ್ಮೆ ಪೈಥಾನ್ 3 ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬೇಡ ಅಂತ ತೆಗೆಯಲು ಹೋಗಿದ್ದೆ. ಪಟ್ಟಿ ಇಡೀ ಪರದೆ ತುಂಬಿತು. ಅದರಲ್ಲಿ ನನ್ನ ಡೆಸ್ಕ್‌ಟಾಪ್‌ನ ಪ್ಯಾಕೇಜುಗಳೇ ಇದ್ದವು. ತಕ್ಷಣ ‘ಎನ್’ (ಬೇಡ) ಒತ್ತಿದೆ. ಅಂದಿನಿಂದ ಏನಾದರೂ ತೆಗೆಯುವ ಮುಂಚೆ ಆಪ್ಟ್‌ಗೆ ‘-ಎಸ್’ ಸೇರಿಸಿ ನೋಡುತ್ತೇನೆ. ಏನಾಗಬಹುದು ಅಂತ ತೋರಿಸುತ್ತದೆ, ಏನನ್ನೂ ತೆಗೆಯುವುದಿಲ್ಲ.

ಆಟೋರಿಮೂವ್ ಕೆಟ್ಟದ್ದು ಅಂತ ತಿಳಿಯಬೇಡಿ. ಹಳೆಯ ಕರ್ನಲ್‌ಗಳನ್ನು (ಲಿನಕ್ಸ್‌ನ ತಿರುಳಿನ ಹಳೆಯ ಆವೃತ್ತಿಗಳನ್ನು) ಅದು ತೆಗೆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಳ್ಳೆಯ ಜಾಗ ಸಿಗುತ್ತದೆ. ಇನ್ನು ‘ರಿಮೂವ್’ ಮಾಡಿದರೆ ಪ್ರೋಗ್ರಾಂ ಹೋಗುತ್ತದೆ, ‘ಇಟಿಸಿ’ ಫೋಲ್ಡರ್‌ನಲ್ಲಿರುವ ಅದರ ಸೆಟ್ಟಿಂಗ್ಸ್ ಉಳಿಯುತ್ತದೆ. ಅದೂ ಹೋಗಬೇಕಾದರೆ ‘ಪರ್ಜ್’ ಕೊಡಬೇಕು. ನಿಮ್ಮ ಹೋಮ್ ಫೋಲ್ಡರ್‌ಗೆ ಇವೆರಡೂ ಕೈಹಾಕುವುದಿಲ್ಲ.

ಬೇರೆ ಏನಾದರೂ ಹೋಗಿದೆಯೋ ಅನ್ನುವ ಅನುಮಾನವಿದ್ದರೆ ‘/ವಾರ್/ಲಾಗ್/ಆಪ್ಟ್’ ಫೋಲ್ಡರ್‌ನಲ್ಲಿರುವ ಹಿಸ್ಟರಿ ಲಾಗ್ ತೆರೆಯಿರಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಆಜ್ಞೆಗೆ ಏನೇನು ಹೋಯಿತು ಅನ್ನುವುದೆಲ್ಲ ಅಲ್ಲಿದೆ. ಗುಬ್ಬಿ ಬಂದಮೇಲೆ ಬ್ರೌಸರನ್ನೂ ಲಿಬ್ರೆಆಫೀಸನ್ನೂ ಒಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ, ಇಲ್ಲದಿದ್ದರೆ ಹೊಸ ಫಾಂಟ್ ಪಟ್ಟಿಯಲ್ಲಿ ಕಾಣಿಸದೇ ಇರಬಹುದು.