ವಿಯಾ ಫ್ರಾಂಚಿಜೆನಾ: ಜುಲೈನಲ್ಲಿ ಅಮ್ಮನ ಜೊತೆ ನಡೆಯಬಹುದಾ?

ಇಟಲಿಯ ಟಸ್ಕನಿಯಲ್ಲಿ ರೋಮ್ ಕಡೆ ಹೋಗುವ ಯಾತ್ರೆಯ ದಾರಿಯನ್ನು ಜುಲೈನಲ್ಲಿ ಅಮ್ಮನ ಜೊತೆ ನಡೆಯಬಹುದಾ ಅಂತ ಕೇಳಿದ್ದೀರಿ. ಖಂಡಿತ ನಡೆಯಿರಿ, ಆದರೆ ಜುಲೈ ಬೇಡ. ಮೇ ಅಥವಾ ಸೆಪ್ಟೆಂಬರ್ ಕೊನೆಗೆ ಹೋಗಿ.

ನಾನು ಸಾನ್ ಮಿನಿಯಾಟೊದಿಂದ ಸಿಯೆನಾವರೆಗೆ ನಡೆದೆ. ನಾಲ್ಕು ದಿನ, ಸುಮಾರು 90 ಕಿ.ಮೀ., ಅದೂ ಜೂನ್ ಕೊನೆಯಲ್ಲಿ. ಬಳ್ಳಾರಿ ಬಿಸಿಲಲ್ಲಿ ಬೆಳೆದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಮೊದಲ ದಿನ ಗಂಬಾಸ್ಸಿ ಊರಿಗೆ 24 ಕಿ.ಮೀ. ಗುಡ್ಡಗಳೇನೂ ಎತ್ತರವಿಲ್ಲ. ಆದರೆ ಮರದ ನೆರಳೇ ಇಲ್ಲ. ಬಿಳಿ ಜಲ್ಲಿಯ ರಸ್ತೆ, ಎರಡೂ ಕಡೆ ಗೋಧಿ ಹೊಲ, ಕಾವು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ನಮ್ಮ ಧರ್ಮಸ್ಥಳದ ಪಾದಯಾತ್ರೆಯಲ್ಲಿ ದಾರಿಯುದ್ದಕ್ಕೂ ಜನ ಮಜ್ಜಿಗೆ, ಪಾನಕ ಕೊಡುತ್ತಾರೆ ಅಲ್ವಾ? ಇಲ್ಲಿ ಗಂಟೆಗಟ್ಟಲೆ ಒಂದು ಅಂಗಡಿಯೂ ಸಿಗಲಿಲ್ಲ. ಒಂದೇ ಲೀಟರ್ ನೀರು ತಂದಿದ್ದೆ, ಹನ್ನೊಂದಕ್ಕೇ ಖಾಲಿ. ತೋಟದ ಮನೆಯ ಅಜ್ಜಿಯೊಬ್ಬರು ಬಾಟಲಿ ತುಂಬಿಸಿಕೊಟ್ಟು, ನೆರಳಲ್ಲಿ ಕೂರಿಸಿದರು. ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಹಾಗಾಗಿ ತಲಾ ಎರಡೂವರೆ ಲೀಟರ್ ಇರಲಿ. ನಲ್ಲಿಯ ಮೇಲೆ 'ನೋನ್ ಪೊಟಾಬಿಲೆ' ಅಂತ ಬರೆದಿದ್ದರೆ ಆ ನೀರು ಕುಡಿಯಬೇಡಿ. ಬೆಳಕು ಹರಿಯುವ ಮೊದಲೇ ಹೊರಡಿ, ಮಧ್ಯಾಹ್ನದೊಳಗೆ ಊರು ಸೇರಿ. ಎರಡನೇ ದಿನ ನಾನು ಹಾಗೇ ಮಾಡಿದೆ. ಸಾನ್ ಜಿಮಿನ್ಯಾನೊಗೆ ಬರೀ 13 ಕಿ.ಮೀ. ದ್ರಾಕ್ಷಿ ತೋಟಗಳ ಆಚೆ ಆ ಊರಿನ ಕಲ್ಲಿನ ಗೋಪುರಗಳು ಕಂಡಾಗ ಸುಮ್ನೆ ನಿಂತುಬಿಟ್ಟೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ 990ರಲ್ಲಿ ರೋಮ್‌ನಿಂದ ಮರಳುವಾಗ ತಂಗಿದ 79 ಜಾಗಗಳ ಪಟ್ಟಿಯಲ್ಲಿ ಈ ಊರೂ ಇದೆ. ಅಷ್ಟು ಹಳೆಯ ಹೆಜ್ಜೆಗಳ ಮೇಲೆ ನಡೆಯುತ್ತಿದ್ದೇನೆ ಅನ್ನಿಸಿ ಕಣ್ಣು ತುಂಬಿತು.

ಮೊಂಟೆರಿಜೋನಿಗೆ ಹೋಗುವ ಮೂರನೇ ದಿನ ಮಾತ್ರ ಸುಮಾರು 30 ಕಿ.ಮೀ. ಅಮ್ಮನಿಗೆ ಅದು ಜಾಸ್ತಿ. ಕೊಲ್ಲೆ ದಿ ವಾಲ್ ದೆಲ್ಸಾದಲ್ಲಿ ಒಂದು ರಾತ್ರಿ ತಂಗಿ, ಎರಡು ದಿನ ಮಾಡಿಕೊಳ್ಳಿ.

ಯಾತ್ರಿಕರ ಪಾಸ್‌ಪುಸ್ತಕ, ಅಂದರೆ 'ಕ್ರೆದೆನ್ಸಿಯಾಲೆ', ಮೊದಲೇ ಮಾಡಿಸಿಕೊಳ್ಳಿ. ಅದಿದ್ದರೆ ಯಾತ್ರಿಕರ ತಂಗುದಾಣಗಳಲ್ಲಿ ಕಡಿಮೆ ದುಡ್ಡಿಗೆ ಮಂಚ ಸಿಗುತ್ತದೆ. ಊಟಕ್ಕೆ 'ಪೀಚಿ' ಅಂತ ದಪ್ಪ ಶಾವಿಗೆಯಂಥ ಪಾಸ್ತಾ ಇದೆ, ಬೆಳ್ಳುಳ್ಳಿ ಟೊಮೆಟೊ ಸಾರಿನದು ಕೇಳಿ. ಅಲ್ಲಿನ ಬ್ರೆಡ್‌ಗೆ ಉಪ್ಪೇ ಹಾಕುವುದಿಲ್ಲ. ಅಮ್ಮನಿಗೆ ಒಂದು ಡಬ್ಬಿ ಚಟ್ನಿಪುಡಿ ಕಟ್ಟಿಕೊಳ್ಳಿ.