ಡಂಡರ್ ಆ್ಯಡ್ ಬರೆದರೂ ಸಮ್ ಯಾಕೆ ಎರರ್ ಕೊಡುತ್ತದೆ?

ನೀವು ಪೈಥಾನ್‌ನಲ್ಲಿ ‘ರೂಪಾಯಿ’ ಅನ್ನೋ ಕ್ಲಾಸ್‌ಗೆ ಡಂಡರ್ ಆ್ಯಡ್, ಅಂದರೆ ಪ್ಲಸ್ ಹಾಕಿದಾಗ ಏನಾಗಬೇಕು ಅಂತ ಹೇಳುವ __add__ ಮೆಥಡ್ ಬರೆದಿದ್ದೀರಿ. ಎರಡು ಮೊತ್ತ ಕೂಡಿದರೆ ಉತ್ತರ ಸರಿಯಾಗಿದೆ, ಇಡೀ ಲಿಸ್ಟನ್ನು ಮೊತ್ತ ಹಾಕುವ ಸಮ್ ಫಂಕ್ಷನ್‌ಗೆ ಕೊಟ್ಟರೆ ಟೈಪ್‌ಎರರ್. ಪೈಥಾನ್ ಡಾಕ್ಯುಮೆಂಟೇಶನ್‌ನಲ್ಲಿ ಇದು ಎಲ್ಲಿದೆ ಅಂತ ಕೇಳಿದ್ದೀರಿ, ಅಲ್ವಾ?

ಸಮ್ ಲೆಕ್ಕ ಶುರು ಮಾಡುವುದು ಸೊನ್ನೆಯಿಂದ. ಅಂದರೆ ಮೊದಲು ನಡೆಯುವುದು 0 + ನಿಮ್ಮ ಮೊದಲ ರೂಪಾಯಿ. ಎಡಗಡೆ ಇರುವ ಇಂಟ್‌ಗೆ (ಪೂರ್ಣಾಂಕಕ್ಕೆ) ನಿಮ್ಮ ಕ್ಲಾಸ್ ಗೊತ್ತಿಲ್ಲ, ಅದು ‘ನಾಟ್‌ಇಂಪ್ಲಿಮೆಂಟೆಡ್’ ಅನ್ನೋ ವ್ಯಾಲ್ಯೂ ವಾಪಸ್ ಕೊಡುತ್ತದೆ. ಆಗ ಪೈಥಾನ್ ಬಲಗಡೆಯ ಆಬ್ಜೆಕ್ಟ್‌ನಲ್ಲಿ ಡಂಡರ್ ಆರ್‌ಆ್ಯಡ್ (__radd__, ಬಲಗಡೆಯಿಂದ ಕೂಡುವ ಮೆಥಡ್) ಹುಡುಕುತ್ತದೆ. ಅದು ನಿಮ್ಮ ಕ್ಲಾಸ್‌ನಲ್ಲಿ ಇಲ್ಲ. ಅದನ್ನು ಬರೆದು, ಸೊನ್ನೆ ಬಂದರೆ ಸೆಲ್ಫನ್ನೇ ರಿಟರ್ನ್ ಮಾಡಿ. ಇಲ್ಲವೇ ಸಮ್ ಲೆಕ್ಕ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುವ ಸ್ಟಾರ್ಟ್‌ಗೆ ಸೊನ್ನೆ ರೂಪಾಯಿಯ ಆಬ್ಜೆಕ್ಟ್ ಕೊಡಿ. ದುಡ್ಡಿನ ಲೆಕ್ಕಕ್ಕೆ ನಾನು ಎರಡನೆಯದನ್ನೇ ಮಾಡುತ್ತೇನೆ. ಲಿಸ್ಟ್ ಖಾಲಿ ಇದ್ದಾಗಲೂ ಬರೀ ಇಂಟ್ ಸೊನ್ನೆ ಬರದೆ ರೂಪಾಯಿಯೇ ಸಿಗುತ್ತದೆ.

ಇನ್ನು ಡಾಕ್ಯುಮೆಂಟೇಶನ್. ವಿಷಯ ಇದೆ, ಆದರೆ ಚೆಲ್ಲಾಪಿಲ್ಲಿಯಾಗಿದೆ. ಟ್ಯುಟೋರಿಯಲ್‌ನ ಕ್ಲಾಸ್ ಅಧ್ಯಾಯದ ಶುರುವಿನಲ್ಲಿ, ಸಿ++ನಲ್ಲಿ ಇರುವ ಹಾಗೆ ಆಪರೇಟರ್‌ಗಳಿಗೆ ನಮ್ಮದೇ ಅರ್ಥ ಕೊಡಬಹುದು ಅಂತ ಒಂದು ಸಾಲಿದೆ. ಹೇಗೆ ಅನ್ನೋದಕ್ಕೆ ಅಲ್ಲಿ ಒಂದು ಪ್ಲಸ್ ಉದಾಹರಣೆಯೂ ಇಲ್ಲ. ಹೊಸಬರು ಮೊದಲು ಓದುವುದೇ ಅದನ್ನು, ಹಾಗಾಗಿ ಈ ಕೊರತೆ ನನಗೆ ನಿಜಕ್ಕೂ ಬೇಸರ ತರುತ್ತದೆ. ನಿಯಮಗಳು ಲ್ಯಾಂಗ್ವೇಜ್ ರೆಫರೆನ್ಸ್‌ನ ಡೇಟಾ ಮಾಡೆಲ್ ಅಧ್ಯಾಯದಲ್ಲಿವೆ. ಎರಡೂ ಕಡೆ ಒಂದೇ ಟೈಪ್ ಇದ್ದರೆ ಆರ್‌ಆ್ಯಡ್ ಕರೆಯುವುದೇ ಇಲ್ಲ ಅನ್ನೋದು ಅಲ್ಲಿ ಅಡಿಟಿಪ್ಪಣಿಯಲ್ಲಿದೆ. ಬಲಗಡೆಯದು ಎಡಗಡೆಯ ಕ್ಲಾಸ್‌ನ ಸಬ್‌ಕ್ಲಾಸ್ ಆಗಿದ್ದು, ತನ್ನದೇ ಆರ್‌ಆ್ಯಡ್ ಬರೆದುಕೊಂಡಿದ್ದರೆ, ಅದಕ್ಕೇ ಮೊದಲ ಸರದಿ. ಇದೂ ಒಂದು ನೋಟ್‌ನಲ್ಲಿದೆ, ಸುಮ್ನೆ ಕಣ್ಣಾಡಿಸಿದರೆ ತಪ್ಪಿಹೋಗುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ಬರೆದಿರುವ ಭಾಗ ಯಾರೂ ಹುಡುಕದ ಜಾಗದಲ್ಲಿದೆ: ‘ನಂಬರ್ಸ್’ ಮಾಡ್ಯೂಲ್‌ನ ಪುಟ. ಆ್ಯಡ್, ಆರ್‌ಆ್ಯಡ್ ಎರಡನ್ನೂ ಜೋಡಿಯಾಗಿ ಹೇಗೆ ಬರೆಯಬೇಕು ಅಂತ ಫ್ರ್ಯಾಕ್ಷನ್ ಕ್ಲಾಸ್ ಇಟ್ಟುಕೊಂಡು ಹೆಜ್ಜೆಹೆಜ್ಜೆಯಾಗಿ ವಿವರಿಸಿದ್ದಾರೆ. ಅದನ್ನು ಖಂಡಿತ ಓದಿ.

ಒಂದು ಎಚ್ಚರಿಕೆ. ನಿಮಗೆ ಗೊತ್ತಿಲ್ಲದ ಟೈಪ್ ಬಂದರೆ ನಾಟ್‌ಇಂಪ್ಲಿಮೆಂಟೆಡ್ ಅನ್ನು ರಿಟರ್ನ್ ಮಾಡಿ. ನಾಟ್‌ಇಂಪ್ಲಿಮೆಂಟೆಡ್‌ಎರರ್ ಅನ್ನು ರೈಸ್ ಮಾಡಬೇಡಿ. ರೈಸ್ ಮಾಡಿದರೆ ಕೆಲಸ ಅಲ್ಲೇ ನಿಲ್ಲುತ್ತದೆ, ಬಲಗಡೆಯವರಿಗೆ ಅವಕಾಶವೇ ಸಿಗುವುದಿಲ್ಲ. ನಾಟ್‌ಇಂಪ್ಲಿಮೆಂಟೆಡ್ ವ್ಯಾಲ್ಯೂವನ್ನು ಇಫ್ ಒಳಗೆ ಪರೀಕ್ಷೆಗೂ ಹಾಕಬೇಡಿ. ಪೈಥಾನ್ 3.9ರಿಂದ ಅದಕ್ಕೆ ವಾರ್ನಿಂಗ್ ಬರುತ್ತಿತ್ತು, 3.14ರಲ್ಲಿ ನೇರವಾಗಿ ಟೈಪ್‌ಎರರ್.